ಉಹೂಂ ಅನ್ನಲು ಕಲಿಸಿದ ಮೇಷ್ಟ್ರು

ಮೊನ್ನೆ ಮಳವಳ್ಳಿಯ ನಮ್ಮ ಬೀದಿಗೆ ಕಲಾಯಿಯವನೊಬ್ಬ ಬಂದಿದ್ದ. ಎಲ್ಲರ ಮನೆಯಲ್ಲೂ ಸ್ಟೀಲು ಬಂದು ಕೂತಿರುವ ಈ ಕಾಲದಲ್ಲಿ ಇವನಿಗೆ ಕೆಲಸ ಕೊಡುವವರಾದರೂ ಯಾರು ಎಂದುಕೊಳ್ಳುತ್ತಲೇ ಅಟ್ಟದ ಮೇಲಿದ್ದ ಹಿತ್ತಾಳೆ ತಪ್ಪಲೆಯನ್ನು ಇಳಿಸಿ ಕೊಟ್ಟೆ. ಅವನು ತಿದಿ ಒತ್ತಿ ಕೆಂಡ ಕೆಂಪಗೆ ಮಾಡಿ, ಪಾತ್ರೆ ಕಾಯಿಸಿ, ಅದರೊಳಗೆ ಚಿಟಿಕೆ ನವಸಾಗರದ ಪುಡಿ ಎರಚಿದ. ಬೆಳ್ಳಗೆ ಹೊಗೆ ಎದ್ದು ಮೂಗಿಗೆ ಅಡರಿತು. ಪಕ್ಕದ ಮನೆಯ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಮಾತ್ರ ಜಗಲಿಯ ಮೇಲೆ ಕೂತು, ಕಣ್ಣಲ್ಲಿ ನೀರು ಸುರಿಸಿಕೊಂಡು ಆ ಹೊಗೆಯನ್ನೇ ಮೂಸುತ್ತಿದ್ದೆ... ಮಂಡ್ಯದ ಕಾಲೇಜಿನ ಫಿಸಿಕ್ಸ್ ಲ್ಯಾಬು ನೆನಪಾಗಿತ್ತು.

ಆ ಲ್ಯಾಬಿನ ಕಿಟಕಿಯ ಸಾಲಿನಲ್ಲಿ ಗಾಜಿನ ಜಾಡಿಗಳಿದ್ದವು. ಕರೆಂಟು ಹುಟ್ಟಿಸುವ ಹಳೇ ಕಾಲದ ಸೆಲ್ಲುಗಳು ಅವು. ಜಾಡಿಯ ಬಾಯಿಯ ಸುತ್ತ ಉಪ್ಪು ಕಟ್ಟಿದ ಹಾಗೆ ಬಿಳೀ ಪೊರೆ. ಅದು ಅಮೋನಿಯಂ ಕ್ಲೋರೈಡ್ ಎಂದು ಮೇಷ್ಟ್ರು ಹೇಳಿದ ಮೊದಲ ದಿನವೇ ಬೆಳಕವಾಡಿಯ ಮಾದೇವ ಜಾಡಿಗೆ ಮೂಗು ಹಿಡಿದು, "ಇದು ಕಲಾಯಿಯೋರ ನವಸಾಗರ ಅಲ್ವಾ ಸಾ?" ಅಂದಿದ್ದ. ಬೇರೆ ಯಾವ ಲೆಕ್ಚರರ್ ಆಗಿದ್ದರೂ ತೆಗಿಯೋ ಮೂಗು ಎಂದು ಗದರಿಸುತ್ತಿದ್ದರು. ನಮ್ಮ ಫಿಸಿಕ್ಸ್ ಮೇಷ್ಟ್ರು ತಾವೂ ಬಗ್ಗಿ ಮೂಸಿದರು. "ಹೌದಲ್ಲಪ್ಪ! ನಮ್ಮಜ್ಜಿ ಮನೆ ಅಂಗಳದ ವಾಸನೆ" ಎಂದರು. ಆಮೇಲೆ ಆ ವರ್ಷವಿಡೀ ನಮ್ಮ ಕ್ಲಾಸಿನಲ್ಲಿ ಅದಕ್ಕೆ ನವಸಾಗರ ಎಂದೇ ಹೆಸರಾಯಿತು.

ಇದು ಎಮರ್ಜೆನ್ಸಿಗೆ ಒಂದೆರಡು ವರ್ಷ ಮುಂಚಿನ ಮಾತು. ಮೇಷ್ಟ್ರು ಮೈಸೂರಿನವರು. ತೆಳ್ಳಗೆ, ಉದ್ದಕ್ಕೆ, ಶರಟಿನ ತೋಳಿನ ತುಂಬ ಸೀಮೆಸುಣ್ಣ. ಎಂ.ಎಸ್ಸಿ. ಮುಗಿಸಿ ಕೆಲವು ಕಾಲ ಕೆಲಸವಿಲ್ಲದೆ ಅಲೆದು ನಮ್ಮ ಕಾಲೇಜಿಗೆ ಬಂದಿದ್ದರು. ಅದೂ ಟೆಂಪೊರರಿ ಕೆಲಸ. ವರ್ಷ ಮುಗಿಯುವ ಹೊತ್ತಿಗೆ ಕಮಿಟಿಯವರು ಬಂದು ಪಾಠ ನೋಡಿ, ಸರಿಯೆನಿಸಿದರೆ ಕಾಯಂ ಮಾಡುವುದು, ಇಲ್ಲವಾದರೆ ನಮಸ್ಕಾರ ಹೇಳಿ ಕಳಿಸುವುದು. ಮನೆಯಲ್ಲಿ ಹೆಂಡತಿ, ಎಳೇ ಗಂಡು ಮಗು. ದಿನಾ ಮೈಸೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಅತ್ತ ಕಡೆಯಿಂದ ಅವರು, ಇತ್ತ ಮದ್ದೂರಿನ ಕಡೆಯಿಂದ ನಾನು. ಸ್ಟೇಷನ್ನಿನಿಂದ ಕಾಲೇಜಿನವರೆಗೆ ಅವರು ಮುಂದೆ ಮುಂದೆ ಬಿರುಸಾಗಿ ನಡೆಯುತ್ತ, ತಮ್ಮಷ್ಟಕ್ಕೆ ಕೈ ಆಡಿಸುತ್ತ ಪಾಠವನ್ನು ಒಪ್ಪಿಸಿಕೊಳ್ಳುತ್ತ ಹೋಗುವುದನ್ನು ನಾವು ಹುಡುಗಿಯರು ಹಿಂದಿನಿಂದ ನೋಡಿ ನಗುತ್ತಿದ್ದೆವು.

ನನ್ನ ಊರು ವೈದ್ಯನಾಥಪುರ. ಅಪ್ಪ ಮದ್ದೂರಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಹಾಗಾಗಿ ಉರು ಹೊಡೆಯುವ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದು. ಬಿ.ಎಸ್ಸಿ. ಕ್ಲಾಸಿನಲ್ಲಿ ಉಳಿದವರು ಹೆಚ್ಚಾಗಿ ಒಕ್ಕಲು ಮಕ್ಕಳು. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿ ಬಂದು ಇಂಗ್ಲಿಷ್ ಪುಸ್ತಕದ ಮುಂದೆ ಕಣ್ಣು ಕಣ್ಣು ಬಿಡುತ್ತ ಕೂತವರು. ಮೇಷ್ಟ್ರು ಒಳ್ಳೆಯವರು, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಹೇಳಿ, ತಿರುಗಿ, "ತಿಳೀತೇನ್ರಪ್ಪ?" ಎನ್ನುತ್ತಿದ್ದರು. ಇಡೀ ಕ್ಲಾಸು ಒಂದೇ ಕೊರಳಲ್ಲಿ "ಊಂ ಸಾ" ಎನ್ನುತ್ತಿತ್ತು. ಅವರ ಮುಖ ಅರಳುತ್ತಿತ್ತು. ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಹೀಗೆ ದಸರಾ ರಜೆಯವರೆಗೂ ನಮ್ಮ ಸಂಸಾರ ಬಹಳ ಚೆನ್ನಾಗಿ ನಡೆಯಿತು.

ರಜೆ ಮುಗಿದ ಮೇಲೆ ಒಂದು ಟೆಸ್ಟು ಕೊಟ್ಟರು. ಎಲ್ಲರೂ ಪಾಸಾಗಲಿ ಎಂದು ಒಂದು ಸುಲಭದ ಪ್ರಶ್ನೆ ಹಾಕಿದ್ದರಂತೆ. ಒಂದು ಸೆಲ್ಲು, ಒಂದು ಬಲ್ಬು, ಸುತ್ತ ತಂತಿ. ಬಲ್ಬಿಗೆ ಮುಂಚೆ ಒಂದು ಮೀಟರು, ಬಲ್ಬು ದಾಟಿದ ಮೇಲೆ ಒಂದು ಮೀಟರು. ಯಾವುದು ಹೆಚ್ಚು ಕರೆಂಟು ತೋರಿಸುತ್ತದೆ? ಎರಡೂ ಒಂದೇ ಎಂದು ಅವರು ಹಿಂದೆಯೇ ಹೇಳಿಕೊಟ್ಟಿದ್ದರು. ನಾವು ಊಂ ಎಂದೂ ಆಗಿತ್ತು. ಆದರೂ ಮುಂಚಿನ ಮೀಟರೇ ಹೆಚ್ಚು ತೋರಿಸುತ್ತದೆ ಎಂದು ಇಡೀ ಕ್ಲಾಸು ಬರೆದಿತ್ತು. ಕರೆಂಟನ್ನು ಬಲ್ಬು ತಿನ್ನುತ್ತದಲ್ಲ! ಮೊದಲ ಬೆಂಚಿನಲ್ಲಿ ಕೂತು ಪುಸ್ತಕವನ್ನೇ ನುಂಗಿದ್ದ ನಾನೂ ಹಾಗೇ ಬರೆದಿದ್ದೆ.

ಅವತ್ತು ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಹಾಯಾಗಿರುತ್ತಿತ್ತು. ಪೇಪರುಗಳನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನಮ್ಮನ್ನೇ ನೋಡಿದರು. "ಪ್ರತಿ ಸಲ ಕೇಳಿದೀನಿ, ತಿಳೀತಾ ಅಂತ. ಪ್ರತಿ ಸಲ ಊಂ ಅಂದಿದೀರಿ. ತಿಳೀದೇ ಇದ್ರೆ ಊಂ ಅಂತ ಯಾಕಂದ್ರಿ?"

ಕೊನೆಗೆ ಹಿಂದಿನ ಬೆಂಚಿನಿಂದ ಮಾದೇವ ಎದ್ದ. "ನೀವು ಯೋಳ್ತಾ ಇದ್ರಲ್ಲ ಸಾ. ನಾವು ಊಂ ಅನ್ನದಿದ್ರೆ ಯೋಳೋರ್ಗೆ ಬ್ಯಾಸ್ರ ಆಯ್ಕಿಲ್ವಾ?"

ಮೇಷ್ಟ್ರಿಗೆ ಇದು ತಲೆಬುಡ ತಿಳಿಯಲಿಲ್ಲ. ಮಾದೇವ ಬೇಕೆಂದೇ ಕೀಟಲೆ ಮಾಡುತ್ತಿದ್ದಾನೆ ಎಂದುಕೊಂಡರು. ಅವರ ಮುಖ ಕೆಂಪಾಯಿತು. ಹುಡುಗಿಯರು ಕ್ಲಾಸಿನಲ್ಲಿ ತಾವಾಗಿ ಎದ್ದು ಮಾತಾಡುವ ಕಾಲವಲ್ಲ ಅದು, ಆದರೂ ನನಗೆ ತಡೆಯಲಾಗಲಿಲ್ಲ. ಎದ್ದು, "ಕತೆ ಕೇಳೋವಾಗ ಹೂಂಗುಟ್ತಾರಲ್ಲ ಸರ್, ಹಾಗೆ. ಕೇಳ್ತಾ ಇದೀವಿ, ಮುಂದೆ ಹೇಳಿ ಅಂತ ಅರ್ಥ. ತಿಳೀತು ಅಂತಲ್ಲ" ಎಂದೆ.

ನಮ್ಮ ಕಡೆ ಅದು ಮರ್ಯಾದೆಯ ಮಾತು. ಅಜ್ಜಿ ಕತೆ ಹೇಳುವಾಗ ಒಬ್ಬರಾದರೂ ಹೂಂಗುಟ್ಟುತ್ತಿರಬೇಕು. ನಿಲ್ಲಿಸಿದರೆ ಅಜ್ಜಿಯೂ ಕತೆ ನಿಲ್ಲಿಸುತ್ತಾಳೆ, ನಿದ್ದೆ ಬಂತೇನೋ ಎಂದು ಗೊಣಗುತ್ತಾಳೆ. ರಾಜಕುಮಾರ ಏಳು ಸಮುದ್ರ ದಾಟಿದ್ದು ಹೇಗೆಂದು ಯಾವ ಮಗುವಿಗೆ ತಿಳಿದಿದೆ? ಆದರೂ ಹೂಂ ಅನ್ನಬೇಕು. ಹೇಳುವವರನ್ನು ನಡುದಾರಿಯಲ್ಲಿ ಕೈಬಿಡಬಾರದು. ಈ ಮಕ್ಕಳು ಅದೇ ಮರ್ಯಾದೆಯನ್ನು ಫಿಸಿಕ್ಸಿಗೂ ಕೊಟ್ಟಿದ್ದರು.

ಮೇಷ್ಟ್ರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಆಮೇಲೆ ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಹಾಗಾದ್ರೆ ಇಷ್ಟು ದಿನ ನಾನು ಕತೆ ಹೇಳ್ತಿದ್ದೆ ಅನ್ನಿ!" ಎಂದರು.

ಮಾರನೆಯ ದಿನದಿಂದ ನಮ್ಮ ಕ್ಲಾಸಿನಲ್ಲಿ ಊಂ ನಿಷೇಧವಾಯಿತು. ತಿಳಿಯದಿದ್ದರೆ ಉಹೂಂ ಅನ್ನಬೇಕು. ಹೇಳುವುದು ಸುಲಭ. ಗುರುಗಳ ಎದುರಿಗೆ ನಿಂತು ಉಹೂಂ ಅನ್ನುವುದೆಂದರೆ ನಮ್ಮ ಪಾಲಿಗೆ ಬಡಿಸಿದ ಊಟವನ್ನು ಚೆನ್ನಾಗಿಲ್ಲ ಎಂದು ತಳ್ಳಿದ ಹಾಗೆ. ಒಂದು ವಾರ ಯಾರ ಬಾಯಿಂದಲೂ ಅದು ಹೊರಡಲಿಲ್ಲ. ಊಂ ಇಲ್ಲ, ಉಹೂಂ ಇಲ್ಲ, ಕ್ಲಾಸು ಸ್ಮಶಾನ. ಕೊನೆಗೆ ಅವರು ಒಂದು ದಿನ ಪಾಠ ಬಿಟ್ಟು, ಮಗ್ಗಿ ಹೇಳಿಸುವ ಹಾಗೆ, "ಎಲ್ಲರೂ ಒಟ್ಟಿಗೆ ಹೇಳಿ, ಉಹೂಂ" ಎಂದರು. ನಾವು "ಉಹೂಂ" ಎಂದೆವು. "ಇನ್ನೂ ಜೋರಾಗಿ." "ಉಹೂಂ!" ಪಕ್ಕದ ಕೋಣೆಯ ಇಂಗ್ಲಿಷ್ ಲೆಕ್ಚರರ್ ಏನು ಅನಾಹುತವಾಯಿತೋ ಎಂದು ಬಾಗಿಲಿಗೆ ಬಂದು ಇಣುಕಿದರು. ಅವತ್ತು ನಕ್ಕ ನಗುವಿನಲ್ಲಿ ನಮ್ಮ ಬಾಯಿಗೆ ಹಾಕಿದ್ದ ಬೀಗ ಕಳಚಿತು.

ಉಹೂಂ ಅಂದರಷ್ಟೇ ಸಾಲದು, ಎಲ್ಲಿ ಕೈ ಜಾರಿತು ಎಂದೂ ಹೇಳಬೇಕಿತ್ತು. ಇದಕ್ಕಾಗಿ ಅವರು ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿನ ವರಾಂಡದಲ್ಲಿ ಕೂರುವ ಪದ್ಧತಿ ಮಾಡಿದರು. ಪ್ರತಿ ವಾರ ಬೇರೆ ಬೇರೆ ನಾಲ್ಕೈದು ಜನ. ಅವರವರ ಡಬ್ಬಿ ಬಿಚ್ಚಿಕೊಂಡು ಕೂರುವುದು, ಮುಂದಿನ ವಾರದ ಪಾಠವನ್ನು ಮೇಷ್ಟ್ರು ನಮ್ಮ ಮುಂದೆ ಬಿಚ್ಚುವುದು. "ನಾಳೆ ನಾನು ಎಲ್ಲಿ ಎಡವ್ತೀನಿ, ಈಗಲೇ ಹೇಳಿ" ಎನ್ನುತ್ತಿದ್ದರು. ಮೊದಲ ವಾರ ನನ್ನನ್ನು ಕರೆಯಲಿಲ್ಲ. ನನಗೆ ಕೋಪ ಬಂತು. ಕೇಳಿಯೇಬಿಟ್ಟೆ. "ನೀನು ಉರು ಹೊಡೀತೀಯಮ್ಮ. ಉರು ಹೊಡೆಯೋರಿಗೆ ತಮಗೆ ಎಲ್ಲಿ ತಿಳೀಲಿಲ್ಲ ಅಂತಲೇ ಗೊತ್ತಾಗಲ್ಲ. ಮಾದೇವನಿಗೆ ಗೊತ್ತಾಗತ್ತೆ" ಎಂದರು. ಮನೆಗೆ ಹೋಗಿ ಅತ್ತೆ. ಆದರೆ ಮುಂದಿನ ವಾರ ಕರೆದರು.

ಆ ವಾರವೇ ನಾಲೆಯ ವಿಷಯ ಬಂದದ್ದು. ಬಲ್ಬಿನ ಲೆಕ್ಕ ಇಡೀ ಕ್ಲಾಸಿಗೆ ಯಾಕೆ ತಪ್ಪಿತು ಎಂದು ಅವರು ಇನ್ನೂ ಕೊರಗುತ್ತಿದ್ದರು. "ಕರೆಂಟು ಅಂದ್ರೆ ನಿಮ್ಮ ನಾಲೆ ನೀರಿನ ಹಾಗೆ ಹರಿಯತ್ತೆ ಅಂತ ಎಷ್ಟು ಚೆನ್ನಾಗಿ ಹೇಳಿದ್ದೆ" ಎಂದರು. ಆ ಹೋಲಿಕೆ ಅವರಿಗೆ ಬಹಳ ಪ್ರೀತಿಯದು. ರೈಲಿನ ಕಿಟಕಿಯಿಂದ ದಿನಾ ನಾಲೆ ನೋಡುತ್ತ, ಒಕ್ಕಲು ಮಕ್ಕಳಿಗೆಂದೇ ಯೋಚಿಸಿ ತಂದದ್ದು.

ಮಾದೇವ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. "ನೀವು ನಾಲೆ ಅಂದ್ರಲ್ಲ ಸಾ, ಅದ್ಕೇ ನಾವು ತಪ್ ಬರ್ದಿದ್ದು."

"ಅಂದ್ರೆ?"

"ನಮ್ಮಾವನ ಗದ್ದೆ ನಾಲೆ ಕೊನೇಲದೆ. ಮಂಡ್ಯದೋರು, ಮದ್ದೂರೋರು ಕುಡ್ದು ಮಿಕ್ಕಿದ್ರೆ ನಮ್ ಮಳವಳ್ಳಿಯೋರ್ಗೆ. ಮೊದ್ಲಲ್ಲಿ ಇದ್ದಷ್ಟೇ ನೀರು ಕೊನೇಗೂ ಬತ್ತದೆ ಅಂದ್ರೆ ಯಾವನ್ ನಂಬ್ತನೆ ಸಾ?"

ಮದ್ದೂರು ಕಡೆಯ ಹುಡುಗನೊಬ್ಬನಿಗೆ ರೇಗಿತು. "ನಾವೇನ್ಲಾ ಕುಡಿಯೋದು? ರಾತ್ರೋರಾತ್ರಿ ತೂಬು ಕಿತ್ತಾಕೋರು ನೀವು ಕಣ್ಲಾ."

"ಬುಡ್ಲಾ, ನೀರಿದ್ರೆ ತಾನೆ ಕೀಳೋದು?"

ಅವರಿಬ್ಬರ ಜಗಳ ಬಿಡಿಸುವುದನ್ನೂ ಮರೆತು ಮೇಷ್ಟ್ರು ಸುಮ್ಮನೆ ಕೂತಿದ್ದರು. ಪುಸ್ತಕದ ನಾಲೆಯಲ್ಲಿ ನೀರು ಎಲ್ಲೆಡೆ ಸಮ. ಮಂಡ್ಯದ ನಾಲೆಯಲ್ಲಿ ಮೇಲಿನವರು ಕುಡಿದು ಮಿಕ್ಕಿದ್ದು ಕೆಳಗಿನವರಿಗೆ. ಬೇರೆ ಎಲ್ಲಾದರೂ ಸಲ್ಲಬಹುದಾದ ಹೋಲಿಕೆ ಈ ಮಕ್ಕಳ ಮುಂದೆ ಮಾತ್ರ ಸಲ್ಲುವಂತಿರಲಿಲ್ಲ. "ಮೈಸೂರಲ್ಲಿ ನಲ್ಲಿ ನೀರು ಕುಡಿದು ಬೆಳೆದೋನಪ್ಪ ನಾನು" ಎಂದರು. "ಸರಿ, ನಾಲೆ ಬೇಡ. ಮತ್ತೇನು ಹೇಳಲಿ? ನೀವೇ ಹೇಳಿ."

ನೀವೇ ಹೇಳಿ... ಉತ್ತರ ಹೇಳು ಎಂದು ಗದರಿಸಿದ ಮೇಷ್ಟ್ರುಗಳನ್ನು ನಾವು ಕಂಡಿದ್ದೆವು. ಪಾಠ ಹೇಗೆ ಮಾಡಲಿ ಎಂದು ನಮ್ಮನ್ನು ಕೇಳಿದವರನ್ನು ಕಂಡಿರಲಿಲ್ಲ. ಅವತ್ತು ರೈಲಿನಲ್ಲಿ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಮುಂದಿನ ದಿನಗಳಲ್ಲಿ ವರಾಂಡದಲ್ಲಿ ಒಬ್ಬ ಸೈಕಲ್ ಚೈನು ಎಂದ, ಇನ್ನೊಬ್ಬ ಗಾಣದ ಎತ್ತು ಎಂದ. ಮೇಷ್ಟ್ರು ಪ್ರತಿಯೊಂದನ್ನೂ ತಿರುವಿ ತಿರುವಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಮನೆಯ ಬಾವಿಯಲ್ಲಿ ನೀರು ಸೇದುವಾಗ ಕೊಡ ಜಾರಿ ಹಗ್ಗ ಸರ್ರನೆ ಹೋಯಿತು. ಅಂಗೈ ಬೆಂಕಿ ಮುಟ್ಟಿದ ಹಾಗೆ ಉರಿಯಿತು. ಹಗ್ಗ ಮಾತ್ರ ಇದ್ದಷ್ಟೇ ಇತ್ತು. ಕೊಡವನ್ನು ಬಾವಿಯಲ್ಲೇ ಬಿಟ್ಟು ಓಡಿದೆ. ಅಮ್ಮನ ಬೈಗುಳ ಬೆನ್ನಿಗೆ ಕಟ್ಟಿಕೊಂಡೇ ಕಾಲೇಜಿಗೆ ಬಂದೆ. "ಹಗ್ಗ ಕಮ್ಮಿಯಾಗಲ್ಲ ಸರ್, ಕೈ ಸುಡತ್ತೆ" ಎಂದೆ, ಏದುಸಿರು ಬಿಡುತ್ತ.

ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಭೇಷ್ ಕಣಮ್ಮ" ಎಂದರು. ಆಮೇಲೆ ಜೀವನದಲ್ಲಿ ಎಷ್ಟೋ ಶಾಲು ಹೊದಿಸಿಕೊಂಡಿದ್ದೇನೆ. ಆ ಒಂದು ಭೇಷ್‌ನ ಬಿಸಿ ಯಾವುದಕ್ಕೂ ಇರಲಿಲ್ಲ.

ಮಾರನೆಯ ದಿನ ಮಾದೇವ ಬಾವಿ ಹಗ್ಗ ತಂದ. ಎರಡು ತುದಿಯನ್ನೂ ಗಂಟು ಹಾಕಿ ಬಳೆಯಂತೆ ಮಾಡಿದೆವು. ಕಾಲೇಜಿನ ಹಿಂದಿನ ಅಂಗಳದಲ್ಲಿ ಇಡೀ ಕ್ಲಾಸು ಸುತ್ತ ನಿಂತು ಹಗ್ಗವನ್ನು ಸಡಿಲವಾಗಿ ಹಿಡಿದುಕೊಂಡಿತು. ಮದ್ದೂರಿನ ಹುಡುಗ ಸೆಲ್ಲು, ಅವನು ಎಳೆಯುತ್ತ ಹೋಗಬೇಕು. ಮಾದೇವ ಬಲ್ಬು, ಅವನು ಬಿಗಿಯಾಗಿ ಹಿಡಿಯಬೇಕು. ನಾಲೆಯ ಸೇಡು ತೀರಿಸಿಕೊಳ್ಳುವವನಂತೆ ಮದ್ದೂರಿನವನು ಎಳೆದ.

"ಅಯ್ಯಯ್ಯಪ್ಪೋ, ಕೈ ಉರೀತದೆ ಕಣ್ಲಾ, ಮೆಲ್ಗೆ ಎಳೀಲಾ!"

"ಮಾದೇವ, ನಿನ್ನ ಕೈಗೆ ಬಂದ ಹಗ್ಗ ಹೆಚ್ಚೋ, ನಿನ್ನ ಕೈಯಿಂದ ಆಚೆ ಹೋದ ಹಗ್ಗ ಹೆಚ್ಚೋ?" ಮೇಷ್ಟ್ರು ಕೂಗಿ ಕೇಳಿದರು.

"ಎಲ್ಡೂ ಒಂದೇ ಸಾ!"

"ಹಾಗಾದ್ರೆ ನಿನ್ನ ಕೈಗೆ ಸಿಕ್ಕಿದ್ದೇನು?"

"ಉರಿ ಸಾ!" ಎಂದವನೇ ಮಾದೇವ ಹಗ್ಗ ಬಿಟ್ಟು ಬಾಯಿ ತೆರೆದುಕೊಂಡು ನಿಂತ. "ಹಂಗಾರೆ ಬಲ್ಬು ಕರೆಂಟು ತಿನ್ನಾಕಿಲ್ವಾ?"

ಆ ಅಂಗಳದಲ್ಲಿ ಅವತ್ತು ಎದ್ದ ಗಲಾಟೆ ಈಗಲೂ ಕಿವಿಯಲ್ಲಿದೆ. ಫಿಸಿಕ್ಸ್ ಎಂಬುದು ಪುಸ್ತಕದಿಂದ ಎದ್ದು ನಮ್ಮ ಅಂಗೈಗೆ ಬಂದ ದಿನ ಅದು.

ಇಂಥದ್ದು ಮುಚ್ಚಿಟ್ಟರೂ ಮುಚ್ಚಿಕೊಳ್ಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳಲು ಶುರುವಾಯಿತು. ಫಿಸಿಕ್ಸಿನವರಿಗೆ ಪಾಠ ಮಾಡಲು ಬರುವುದಿಲ್ಲವಂತೆ, ಹುಡುಗರೇ ಹೇಳಿಕೊಡುತ್ತಾರಂತೆ, ಗುರುವಿಗೇ ತಿರುಮಂತ್ರವಂತೆ. ಬೇರೆ ಕ್ಲಾಸುಗಳಲ್ಲೂ ಒಬ್ಬಿಬ್ಬರು ಅಭ್ಯಾಸಬಲದಿಂದ ಉಹೂಂ ಎಂದು ಹೊರಗೆ ನಿಂತಿದ್ದರು. ಅದರ ಪಾಪವೂ ನಮ್ಮ ಮೇಷ್ಟ್ರ ತಲೆಗೇ ಬಂತು. ಅವರು ಮಾತ್ರ ಯಾವ ಮಾತಿಗೂ ಎದುರಾಡಲಿಲ್ಲ. ವರಾಂಡದ ಊಟ ನಿಲ್ಲಲಿಲ್ಲ.

ಫೆಬ್ರವರಿಯಲ್ಲಿ ಕಮಿಟಿ ಬರುವುದು ಗೊತ್ತಾಯಿತು. ಯೂನಿವರ್ಸಿಟಿಯಿಂದ ಒಬ್ಬ ಹಿರಿಯ ಪ್ರೊಫೆಸರು, ಜೊತೆಗೆ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಅದರ ಹಿಂದಿನ ದಿನ ಪ್ರಿನ್ಸಿಪಾಲರು ನಮ್ಮ ಕ್ಲಾಸಿಗೆ ಬಂದರು. ಕೆಟ್ಟ ಮನುಷ್ಯರಲ್ಲ, ಅಂಜುಬುರುಕರು. "ನೋಡಿ, ನಾಳೆ ಯಾರೂ ಉಹೂಂ ಗಿಹೂಂ ಅನ್ನಕೂಡದು. ನಿಮ್ಮ ಮೇಷ್ಟ್ರು ಕಾಯಂ ಆಗೋದು ನಾಳೆಯ ಪಾಠದ ಮೇಲಿದೆ. ಮಗು ಇರೋ ಮನೆ. ಅವರ ಮೇಲೆ ಪ್ರೀತಿಯಿದ್ರೆ ಬಾಯಿ ಮುಚ್ಚಿಕೊಂಡು ಊಂ ಅನ್ನಿ. ಅವರಿಗೆ ಈ ಮಾತು ಹೇಳಬೇಡಿ" ಎಂದು ಹೋದರು.

ನಾವು ಹೆಚ್ಚು ಯೋಚಿಸಲಿಲ್ಲ. ಹೇಳುವವರನ್ನು ನಡುದಾರಿಯಲ್ಲಿ ಕೈಬಿಡಬಾರದು ಎಂಬುದು ನಮ್ಮ ರಕ್ತದಲ್ಲಿದ್ದ ಪಾಠ. ಎಲ್ಲರೂ ಊಂ ಅನ್ನುವುದೆಂದು ಮಾತಾಯಿತು. ಮಾದೇವನೂ ಒಪ್ಪಿದ.

ಕಮಿಟಿಯವರು ಹಿಂದಿನ ಬೆಂಚಿನಲ್ಲಿ ಕೂತರು. ಅವತ್ತಿನ ಪಾಠ ಸೆಲ್ಲಿನ ಒಳಗಿನ ತಡೆ. ಕರೆಂಟು ಕೊಡುವ ಸೆಲ್ಲೇ ಒಳಗೊಳಗೆ ಆ ಕರೆಂಟಿಗೆ ಅಡ್ಡಿಯನ್ನೂ ಮಾಡುತ್ತದೆ ಎಂಬುದು ಸಾರಾಂಶ. ಮೇಷ್ಟ್ರು ಒಗೆದ ಶರಟು ಹಾಕಿಕೊಂಡು ಬಂದಿದ್ದರು. ಚೆನ್ನಾಗಿಯೇ ಹೇಳಿದರು. ಆದರೆ ಅದು ಕಷ್ಟದ ಪಾಠ. ನಮಗೆ ಅರ್ಧಕ್ಕರ್ಧ ತಲೆಯ ಮೇಲಿಂದ ಹೋಯಿತು. ಅವರು ತಿರುಗಿ, ಎಂದಿನಂತೆ, "ತಿಳೀತೇನ್ರಪ್ಪ?" ಎಂದರು.

"ಊಂ ಸಾ!"

ಅವರ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಮತ್ತೆ, ಮೆಲ್ಲಗೆ, "ತಿಳೀತಾ?" ಎಂದರು. ನಾವು ಇನ್ನೂ ಜೋರಾಗಿ ಊಂ ಎಂದೆವು. ಹಿಂದೆ ಕೂತ ಪ್ರೊಫೆಸರು ತಲೆಯಾಡಿಸಿದರು. ಪ್ರಿನ್ಸಿಪಾಲರು ಬಾಗಿಲಲ್ಲಿ ಬೆವರೊರೆಸಿಕೊಂಡರು. ಅಲ್ಲಿಗೇ ಗಂಟೆ ಹೊಡೆದಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಮೇಷ್ಟ್ರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಹಿಂದಿನ ಬೆಂಚಿನ ಕಡೆ ಕೈಮುಗಿದು, "ಕ್ಷಮಿಸಬೇಕು ಸರ್. ಈ ಮಕ್ಕಳಿಗೆ ತಿಳಿದಿಲ್ಲ. ನನ್ನ ಕೆಲಸ ಉಳೀಲಿ ಅಂತ ಊಂ ಅಂತಿದಾರೆ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಎಲ್ಲಿ ತಪ್ಪಿತು ಹೇಳಿ" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಮಾದೇವ ಎದ್ದು ನಿಂತ.

"ಉಹೂಂ ಸಾ. ತಿಳೀನಿಲ್ಲ. ಕೊಡೋ ಸೆಲ್ಲೇ ಅದನ್ನ ಯಾಕ್ ತಡೀತದೆ ಅಂತ ಗೊತ್ತಾಗ್ನಿಲ್ಲ."

"ಉಹೂಂ ಸರ್" ಎಂದು ನಾನೂ ಎದ್ದೆ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಮೇಷ್ಟ್ರ ಮುಖದಲ್ಲಿ ಅವತ್ತು ಮೂಡಿದ ಕಳೆಯನ್ನು ನಾನು ಹೇಗೆ ಹೇಳಲಿ? ಕೆಲಸ ಕಳೆದುಕೊಳ್ಳುತ್ತಿರುವವರ ಮುಖವಲ್ಲ ಅದು. "ಹಗ್ಗ ನೆನಪು ಮಾಡ್ಕೊಳ್ಳಿ. ಅವತ್ತು ಯಾರ ಯಾರ ಕೈ ಸುಟ್ಟಿತು?" ಎಂದು ಕೇಳಿದರು. ಬಲ್ಬಾಗಿದ್ದ ಮಾದೇವ ಕೈ ಎತ್ತಿದ. ಸ್ವಲ್ಪ ತಡೆದು, ಸೆಲ್ಲಾಗಿ ಹಗ್ಗ ಎಳೆದಿದ್ದ ಮದ್ದೂರಿನ ಹುಡುಗ, "ನಂದೂ ಸುಟ್ಟಿತ್ತು ಸಾ. ಎಳ್ಯೋನ್ ಕೈಗೂ ಉರಿ ತಾಗ್ತದಲ್ವಾ?" ಎಂದ. ಅಷ್ಟೇ ಸಾಕಾಯಿತು. ಉಳಿದ ಪಾಠವನ್ನು ನಾವೂ ಅವರೂ ಸೇರಿ ಬೋರ್ಡಿನ ಮೇಲೆ ಮುಗಿಸಿದೆವು. ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆಂಬುದೂ ನಮಗೆ ಮರೆತುಹೋಗಿತ್ತು.

ಅವರಿಗೆ ಮರೆತಿರಲಿಲ್ಲ. ಕ್ಲಾಸಿಗೆ ಪಾಠ ತಿಳಿದಿಲ್ಲವೆಂದು ಲೆಕ್ಚರರೇ ಒಪ್ಪಿಕೊಂಡಿದ್ದಾರೆ, ಆದ್ದರಿಂದ ಮುಂದುವರಿಸುವುದು ಬೇಡ ಎಂದು ತೀರ್ಮಾನವಾಯಿತು. ನಾವು ನಾಲ್ಕಾರು ಜನ ಅಧ್ಯಕ್ಷರ ಮನೆಗೆ ಹೋದೆವು. ಕಬ್ಬು ಬೆಳೆಯುವ ದೊಡ್ಡ ಗೌಡರು, ಒರಟು ಮಾತಿನ ಒಳ್ಳೆಯ ಮನುಷ್ಯರು. ಎಲ್ಲರಿಗೂ ಮಜ್ಜಿಗೆ ಕೊಡಿಸಿದರು. "ನಾನೇನ್ ಮಾಡ್ಲಿ ಯೋಳವ್ವ. ನೀವೆಲ್ಲ ತಿಳೀತು ಅಂದ್ರಿ. ಆ ಪುಣ್ಯಾತ್ಮನೇ ತಿಳೀನಿಲ್ಲ ಅಂದ್ಬುಟ್ಟ. ಕೇಸು ಅಲ್ಲಿಗೇ ಮುಗೀತಲ್ಲ" ಎಂದರು. ನಮಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕೊನೆಯ ದಿನ ಮಂಡ್ಯದ ಸ್ಟೇಷನ್ನಿನಲ್ಲಿ ಅವರ ರೈಲು ಬರುವವರೆಗೆ ನಾನೂ ಮಾದೇವನೂ ನಿಂತಿದ್ದೆವು. ನನಗೆ ಸಿಟ್ಟು ಇಳಿದಿರಲಿಲ್ಲ. "ಯಾಕೆ ಸರ್ ಹಾಗಂದ್ರಿ? ಸುಮ್ಮನಿದ್ದಿದ್ರೆ ಕೆಲಸ ಉಳೀತಿತ್ತು" ಎಂದೆ. ಅವರು ಕಂಬಿಯ ಕಡೆ ನೋಡುತ್ತ ಹೇಳಿದರು: "ನೀವೆಲ್ಲ ಊಂ ಅಂದಾಗ ನಂಗೆ ಭಯ ಆಯ್ತಮ್ಮ. ಆ ಕೆಲಸ ಸಿಕ್ಕಿದ್ರೆ ರಿಟೈರ್ ಆಗೋವರೆಗೂ ಅದೇ ಊಂ ಕೇಳಿಕೊಂಡು ಬದುಕಬೇಕಲ್ಲ ಅಂತ." ರೈಲು ಬಂತು. ಮಾದೇವ ಕಾಲು ಮುಟ್ಟಲು ಬಗ್ಗಿದ. ಅವರು ತಡೆದು ಅವನ ಅಂಗೈಯನ್ನು ತಿರುಗಿಸಿ ನೋಡಿ, "ವಾಸಿಯಾಯ್ತಲ್ಲ" ಎಂದು ನಕ್ಕು ಹತ್ತಿದರು.

ಆ ವರ್ಷ ಫಿಸಿಕ್ಸಿನಲ್ಲಿ ನಮ್ಮ ಕ್ಲಾಸು ಹಿಂದೆಂದೂ ಆಗದಷ್ಟು ಚೆನ್ನಾಗಿ ಪಾಸಾಯಿತು. ಆಮೇಲೆ ಅವರಿಗೆ ಯಾವ ಕಾಲೇಜಿನಲ್ಲೂ ಕೆಲಸ ಸಿಗಲಿಲ್ಲ. ಮೈಸೂರಿನಲ್ಲಿ ಒಂದು ಟ್ಯುಟೋರಿಯಲ್ ಸೇರಿ ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡರು. ಇದು ಅನ್ಯಾಯ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ನಾನು ಮಳವಳ್ಳಿಯಲ್ಲಿ ಹೈಸ್ಕೂಲ್ ಟೀಚರಾಗಿ, ಸರ್ವೀಸಿನ ಉದ್ದಕ್ಕೂ ಆ ಹಗ್ಗವನ್ನೇ ಎಳೆಸಿದೆ. ಹೊಸ ಬ್ಯಾಚು ಬಂದಾಗಲೆಲ್ಲ ಮೊದಲ ದಿನ ಮೇಷ್ಟ್ರ ಕತೆ ಹೇಳುವುದು, ಮಕ್ಕಳ ಹತ್ತಿರ ಒಟ್ಟಿಗೆ ಉಹೂಂ ಅನ್ನಿಸುವುದು. ಮಾದೇವ ಕರೆಂಟ್ ಆಫೀಸಿನಲ್ಲಿ ದೊಡ್ಡ ಕೆಲಸಕ್ಕೆ ಹೋದ. ಅವನೂ ತನ್ನ ಕೈಕೆಳಗಿನವರಿಗೆಲ್ಲ ಇದೇ ಕತೆ ಹೇಳುತ್ತಿದ್ದನಂತೆ.

ಹೋದ ತಿಂಗಳು ಅವನ ಫೋನು ಬಂತು. "ಮೇಷ್ಟ್ರು ಓದ್ರು ಕಣಮ್ಮ" ಅಂದ. ಇಷ್ಟು ವರ್ಷ ಆಫೀಸರಾಗಿದ್ದರೂ ಅವನ ನಾಲಿಗೆಗೆ ಹಕಾರ ಹತ್ತಿಲ್ಲ. ನಾನು ಒಲೆಯ ಮುಂದಿದ್ದೆ. ಈ ವಯಸ್ಸಿನಲ್ಲಿ ಇನ್ನೂ ಓದುತ್ತಿದ್ದಾರಲ್ಲ ಎಂದು ಖುಷಿಯಾಗಿ, "ಏನು ಓದಿದ್ರಂತೋ?" ಎಂದು ಕೇಳಿಬಿಟ್ಟೆ.

"ಓದ್ರು ಕಣಮ್ಮ... ತೀರ್ಕಂಡ್ರು."

ಅವನು ಸುದ್ದಿ ತಿಳಿದು ಮೈಸೂರಿಗೆ ಹೋಗಿ ಬಂದಿದ್ದ. ಟ್ಯುಟೋರಿಯಲ್ಲಿನ ಹಳೇ ಹುಡುಗರು ತುಂಬ ಜನ ಸೇರಿದ್ದರಂತೆ. ಮೇಷ್ಟ್ರ ಮಗ, ಆಗ ಎಳೇ ಮಗುವಾಗಿದ್ದವನು, ಈಗ ತಲೆ ನರೆತವನು, ಇವನನ್ನೂ ಅವರಲ್ಲೊಬ್ಬ ಎಂದುಕೊಂಡು ನೀವು ಯಾವ ಬ್ಯಾಚು ಎಂದು ಕೇಳಿದನಂತೆ.

"ಮಂಡ್ಯ ಕಾಲೇಜು ಅಂದೆ ಕಣಮ್ಮ. ಮಗ ನನ್ ಮೊಕಾನೇ ನೋಡ್ದ. 'ನಮ್ಮಪ್ಪ ಕಾಲೇಜಲ್ಲಿ ಪಾಠ ಮಾಡಿದ್ರಾ?' ಅಂದ."

ಒಲೆಯ ಮೇಲಿನ ಸಾರು ಉಕ್ಕಿ ಹೊರಗೆ ಹರಿಯುತ್ತಿತ್ತು, ಆರಿಸಬೇಕೆಂದು ತೋಚಲಿಲ್ಲ. ಮೇಷ್ಟ್ರೂ ನಮ್ಮ ಹಾಗೆಯೇ ಮನೆಯಲ್ಲಿ ಈ ಕತೆಯನ್ನು ನಗುನಗುತ್ತ ಹೇಳಿಕೊಂಡಿರುತ್ತಾರೆ ಎಂದೇ ಇಷ್ಟು ವರ್ಷ ನಂಬಿದ್ದೆ. ನಾವಿಬ್ಬರೂ ಜೀವಮಾನವೆಲ್ಲ ಹೆಮ್ಮೆಯಿಂದ ಕಂಡಕಂಡವರಿಗೆ ಹೇಳುತ್ತ ಬಂದ ಆ ಒಂದು ವರ್ಷವನ್ನು ಅವರು ಹೆತ್ತ ಮಗನಿಗೂ ಹೇಳದೆ ಹೋಗಿದ್ದರು.